ಹೆಣ್ಣುಮರಿಗಳ ದೊಡ್ಡಮುನಿಯಪ್ಪ

ಮಧುರೆ ಹೋಬಳಿಯ ಗುಂಡಸಂದ್ರದಲ್ಲಿ ದೊಡ್ಡಮುನಿಯಪ್ಪ ಪಂಚಾಯಿತಿಯ ವಾಟರ್‌ಮ್ಯಾನ್. ಬೆಳಿಗ್ಗೆ ಎದ್ದು ಬೋರ್‌ವೆಲ್ಲಿನ ಮೋಟರು ಹಾಕುವುದು, ಟ್ಯಾಂಕು ತುಂಬಿತೋ ಇಲ್ಲವೋ ಎಂದು ಕತ್ತೆತ್ತಿ ನೋಡುವುದು, ಒಂದೊಂದೇ ಬೀದಿಯ ವಾಲ್ವು ತಿರುಗಿಸಿ ನೀರು ಬಿಡುವುದು. ಮೇಲಿನ ಬೀದಿಯವರು ಕೆಳಗಿನ ಬೀದಿಗೆ ಜಾಸ್ತಿ ಬಿಟ್ಟೆ ಎಂದು ಬೈದರೆ ಕೇಳಿಸಿಕೊಳ್ಳುವುದು, ಕೆಳಗಿನವರು ಅದೇ ಮಾತನ್ನು ತಿರುಗಿಸಿ ಬೈದರೆ ಅದನ್ನೂ ಕೇಳಿಸಿಕೊಳ್ಳುವುದು. ಇಷ್ಟು ಪಂಚಾಯಿತಿ ಕೊಟ್ಟ ಕೆಲಸ. ಊರು ಕೊಟ್ಟ ಕೆಲಸ ಇನ್ನೊಂದಿತ್ತು. ಯಾರ ಮನೆಯ ನಾಯಿ ಈದರೂ ಅದರ ಹೆಣ್ಣುಮರಿಗಳನ್ನು ಊರಾಚೆ ಬಿಟ್ಟು ಬರುವವನು ಅವನೇ.

ಆ ಕೆಲಸ ಅವನ ಪಾಲಿಗೆ ಬಂದದ್ದಕ್ಕೆ ದೊಡ್ಡ ಕಾರಣವೇನಿಲ್ಲ. ಅವನ ಹತ್ತಿರ ಒಂದು ಹಳೆಯ ಟಿವಿಎಸ್ ಗಾಡಿಯಿತ್ತು, ದಿನವೂ ಕೆರೆ ಏರಿ ದಾಟಿ ಆಚೆಯ ಬೋರ್‌ವೆಲ್ಲಿಗೆ ಹೋಗಿಬರುತ್ತಿದ್ದ. ಒಂದು ದಿನ ಮೇಲಿನ ಬೀದಿಯ ಗಂಗಣ್ಣನವರ ಹೆಂಡತಿ ಲಕ್ಷ್ಮೀದೇವಮ್ಮ ಬಾಗಿಲಲ್ಲಿ ನಿಂತು ಕರೆದರು. “ಹೆಂಗೂ ಆ ಕಡೆ ಹೋಗ್ತೀಯಲ್ಲಪ್ಪ, ಇವನ್ನೂ ಬಿಟ್ಬಿಡು” ಎಂದು ಗೋಣಿಚೀಲವೊಂದನ್ನು ಮುಂದೆ ತಳ್ಳಿದರು. ಗಂಡುಮರಿಗಳನ್ನು ಕೇಳಿದವರಿಗೆ ಕೊಟ್ಟಾಗಿತ್ತು. ಹೆಣ್ಣನ್ನು ಕೇಳುವವರಿಲ್ಲ. ವರ್ಷಕ್ಕೆರಡು ಸಲ ಈಯುತ್ತವೆ, ಬೆದೆಗೆ ಬಂದಾಗ ಊರ ಗಂಡುನಾಯಿಗಳೆಲ್ಲ ಬಾಗಿಲಿಗೆ ಬಂದು ಕಚ್ಚಾಡುತ್ತವೆ, ಯಾರಿಗೆ ಬೇಕು ಆ ಪಾಡು? ಮುನಿಯಪ್ಪ ಚೀಲವನ್ನು ಗಾಡಿಯ ಮುಂದೆ ಕಾಲ ಸಂದಿಯಲ್ಲಿಟ್ಟುಕೊಂಡು ಹೋದ. ಅಲ್ಲಿಂದಾಚೆ ಅದು ವಾಡಿಕೆಯಾಯಿತು.

ಅವನು ಮರಿಗಳನ್ನು ನೀರಿಗೆ ಹಾಕಿದವನಲ್ಲ. ಹಾಗೆ ಮಾಡುವವರೂ ಇದ್ದರು. ಇವನು ಹೆದ್ದಾರಿಯ ಡಾಬಾದ ಹಿಂದೆಯೋ ಕೋಳಿ ಅಂಗಡಿಯ ಪಕ್ಕದಲ್ಲೋ ಇಳಿಸಿ, ಚೀಲ ಕೊಡವಿ, ಹಿಂದೆ ತಿರುಗಿ ನೋಡದೆ ಬರುತ್ತಿದ್ದ. ಡಾಬಾದ ಎಂಜಲು ತಿಂದು ಬದುಕಿಕೊಳ್ಳುತ್ತವೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಮರುದಿನ ಅದೇ ದಾರಿಯಲ್ಲಿ ಹೋಗುವಾಗ ಟಾರಿಗೆ ಅಂಟಿದ್ದ ತುಪ್ಪಳ ಕಣ್ಣಿಗೆ ಬಿದ್ದರೆ ಮುಖ ಆಚೆ ತಿರುಗಿಸುತ್ತಿದ್ದ. ಹೆಂಡತಿ ಕದಿರಮ್ಮನ ಹತ್ತಿರ ಆ ವಿಷಯ ಎತ್ತುತ್ತಿರಲಿಲ್ಲ. ಅವಳೂ ಕೇಳುತ್ತಿರಲಿಲ್ಲ.

ಮಗಳು ರಂಜಿತ ಮದುವೆಯಾಗಿ ನೆಲಮಂಗಲ ಸೇರಿದ ವರ್ಷ ಕದಿರಮ್ಮನಿಗೆ ಮಂಡಿನೋವು ಜಾಸ್ತಿಯಾಯಿತು. ಕೂಲಿಗೆ ಹೋಗುವುದು ನಿಂತಿತು. ಇಡೀ ದಿನ ಜಗಲಿಯ ಮೇಲೆ ಕಾಲು ನೀಡಿ ಕೂತಿರುತ್ತಿದ್ದಳು. ಹಾಗೆ ಕೂತಿದ್ದಾಗಲೇ ಒಂದು ದಿನ ಗಂಡನ ಗಾಡಿಯ ಮೇಲಿದ್ದ ಚೀಲಕ್ಕೆ ಕೈ ಹಾಕಿ, ಹಣೆಯ ಮೇಲೆ ಬಿಳಿ ಮಚ್ಚೆಯಿದ್ದ ಕಂದು ಮರಿಯೊಂದನ್ನು ಎತ್ತಿಕೊಂಡಳು.

“ಇದೊಂದ್ ಇರ್ಲಿ.”

“ಹೆಣ್ಣು ಕಣೇ ಅದು.”

“ಇರ್ಲಿ ಬಿಡು. ನಾನೇನು ಗಂಡಾ?”

ಅದಕ್ಕೆ ಚುಕ್ಕಿ ಎಂದು ಹೆಸರಿಟ್ಟಳು. ಕದಿರಮ್ಮ ಕೂತಲ್ಲಿ ಚುಕ್ಕಿ, ಅವಳು ಎದ್ದರೆ ಚುಕ್ಕಿ. ರಾತ್ರಿ ಅವಳ ಮಂಡಿಗೆ ಬೆನ್ನೊತ್ತಿ ಮಲಗುತ್ತಿತ್ತು. ಯಾವ ಎಣ್ಣೆಗೂ ಆ ಕಾವು ಬರಲ್ಲ ಎಂದು ಅವಳು ಅಕ್ಕಪಕ್ಕದವರಿಗೆ ಹೇಳುತ್ತಿದ್ದಳು. ಮುನಿಯಪ್ಪನೂ ಸಂಜೆ ಬರುವಾಗ ಒಂದು ಬನ್ನು ತರುವುದನ್ನು ರೂಢಿ ಮಾಡಿಕೊಂಡ.

ವರ್ಷ ತುಂಬುವುದರೊಳಗೆ ಚುಕ್ಕಿ ಈದಿತು. ಒಲೆಯ ಪಕ್ಕದ ಮೂಲೆಯಲ್ಲಿ, ಹಳೇ ಸೀರೆಯ ಮೇಲೆ. ಗಂಡೊಂದು ಯಾರದೋ ತೋಟಕ್ಕೆ ಹೋಯಿತು. ಉಳಿದವು ಹೆಣ್ಣು. ಅಷ್ಟನ್ನೂ ಸಾಕುವ ಮಾತು ಆ ಮನೆಯಲ್ಲಿ ಸಾಧ್ಯವಿರಲಿಲ್ಲ. ಕದಿರಮ್ಮನೇ ಅವನ್ನು ಚೀಲಕ್ಕೆ ತುಂಬಿ ಗಂಡನ ಕೈಗೆ ಕೊಟ್ಟಳು, ಕೊಟ್ಟವಳು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಚುಕ್ಕಿ ಗಾಡಿಯ ಹಿಂದೆ ಕೆರೆ ಏರಿಯವರೆಗೂ ಓಡಿಬಂದಿತು. ಆಮೇಲೆ ಎಷ್ಟೋ ದಿನ ಹಾಲು ಕಟ್ಟಿಕೊಂಡ ಮೊಲೆಯಲ್ಲೇ ಏರಿಯ ಮೇಲೆ ಹೋಗಿ ನಿಲ್ಲುತ್ತಿತ್ತು. ಮುಂದಿನ ಸಲವೂ ಹಾಗೇ ಆಯಿತು. ಆ ಎರಡು ಸಲವೂ ಮುನಿಯಪ್ಪ ಮನೆಗೆ ಬಂದು ಊಟ ಮಾಡಲಿಲ್ಲ.

ಅವನು ಸುಮ್ಮನೆ ಕೂರಲಿಲ್ಲ ಎಂಬುದನ್ನೂ ಹೇಳಬೇಕು. ಆ ಭಾಗದ ಸರ್ಕಾರಿ ಪಶು ಆಸ್ಪತ್ರೆಗೆ ಸಂಘಮಿತ್ರ ಎಂಬ ಡಾಕ್ಟರು ಹೊಸದಾಗಿ ಬಂದಿದ್ದರು. ಸೂಲಿಬೆಲೆ ಕಡೆಯ ಹುಡುಗಿ, ಸ್ಕೂಟರಿನಲ್ಲಿ ಓಡಾಡುತ್ತಿದ್ದರು. ಪಕ್ಕದ ಹೋಬಳಿಯ ಪಶು ಆಸ್ಪತ್ರೆಯ ಕೆಲಸವೂ ಅವರ ತಲೆಯ ಮೇಲೆಯೇ ಇತ್ತು. ಹಸುವೊಂದಕ್ಕೆ ಇಂಜೆಕ್ಷನ್ ಹಾಕಲು ಊರಿಗೆ ಬಂದಿದ್ದಾಗ ಮುನಿಯಪ್ಪ ನಲ್ಲಿಯಲ್ಲಿ ಅವರ ಕೈಗೆ ನೀರು ಬಿಡುತ್ತಾ ಕೇಳಿದ.

“ಮೇಡಂ, ನಾಯಿಗೆ ಮರಿ ಆಗ್ದಂಗೆ ಆಪರೇಷನ್ ಮಾಡ್ತಾರಂತಲ್ಲ, ಮಾಡ್ಕೊಡ್ತೀರಾ?”

“ಇಲ್ಲಿ ಆಗಲ್ಲ ಮುನಿಯಪ್ಪನೋರೆ. ನನ್ ಹತ್ರ ಇರೋದೆಲ್ಲ ಹಸು ಎಮ್ಮೆ ಸಾಮಾನು. ನಾಯಿಗೆ ಮತ್ತು ಬರ್ಸೋ ಔಷಧಿ ಇಲ್ಲ, ಟೇಬಲ್ ಇಲ್ಲ, ಜೊತೆಗೆ ಹಿಡ್ಕೊಳ್ಳೋಕೆ ಒಬ್ಬರಿಲ್ಲ. ಬೆಂಗ್ಳೂರಿಗೆ ಕರ್ಕೊಂಡ್ ಹೋದ್ರೆ ಕಡಿಮೇಲಿ ಮಾಡೋರಿದಾರೆ. ಬೇಗ ಹೋಗಿ ಸಾಲಲ್ಲಿ ನಿಲ್ಬೇಕು ಅಷ್ಟೆ.”

ಬೆಂಗಳೂರಿಗೆ ಹೋಗೋಣವೆಂದರೆ ನಾಯಿಯನ್ನು ಬಸ್ಸಿಗೆ ಹತ್ತಿಸಿಕೊಳ್ಳುವುದಿಲ್ಲ. ಆಟೋದವರು ಕೇಳುವ ಬಾಡಿಗೆ ಆಪರೇಷನ್ನಿಗಿಂತ ಹೆಚ್ಚು. ಹತ್ತಿರದ ಖಾಸಗಿ ಕ್ಲಿನಿಕ್ಕುಗಳಲ್ಲಿ ವಿಚಾರಿಸಿದರೆ ಅವನ ತಿಂಗಳ ಸಂಬಳವೂ ಸಾಲದು. ಮೇಲಾಗಿ ಒಂದು ದಿನ ಅವನು ಊರು ಬಿಟ್ಟರೆ ನಲ್ಲಿಯ ಮುಂದೆ ಬಿಂದಿಗೆಗಳು ಸಾಲಾಗಿ ಕೂತುಬಿಡುತ್ತವೆ. ಮುಂದಿನ ತಿಂಗಳು ನೋಡೋಣ ಎಂದುಕೊಂಡ. ಹಾಗೆಯೇ ಮುಂದೆ ಹೋಯಿತು.

ಮೂರನೆಯ ಸಲ ಬಸಿರಾದ ಚುಕ್ಕಿ ಒಂದು ಭಾನುವಾರ ಬೆಳಿಗ್ಗೆ ಮೂಲೆ ಕೆರೆಯತೊಡಗಿತು. ಮುಕ್ಕಿತು, ಮುಲುಗಿತು. ಮರಿ ಬರಲಿಲ್ಲ. ಬಿಸಿಲೇರುವ ಹೊತ್ತಿಗೆ ಹಸಿರು ಬಣ್ಣದ ನೀರು ಹೋಗತೊಡಗಿತು. ಕದಿರಮ್ಮ ಹೆದರಿ ಗಂಡನನ್ನು ಕೂಗಿದಳು. ಆಸ್ಪತ್ರೆಗೆ ಬೀಗ. ಡಾಕ್ಟರಿಗೆ ಫೋನು ಮಾಡಿದರೆ ಅವರು ಎಲ್ಲೋ ದೂರದ ಹಟ್ಟಿಯಲ್ಲಿ ಕರು ಸಿಕ್ಕಿಕೊಂಡ ಹಸುವಿನ ಹತ್ತಿರ ಇದ್ದರು.

“ಹಸಿರು ನೀರು ಬರ್ತಿದ್ರೆ ಕಾಯ್ಬೇಡಿ” ಎಂದರು. “ಇದನ್ನ ಬಿಟ್ಟು ನಾನು ಅಲ್ಲಿಗೆ ಬಂದ್ರೂ ಕೊಯ್ದು ತೆಗೆಯೋಕೆ ನನ್ ಕೈಲಿ ಏನೂ ಇಲ್ಲ. ಬೆಂಗ್ಳೂರ್ ರೋಡಲ್ಲಿ ಭಾನುವಾರನೂ ತೆಗೆದಿರೋ ಕ್ಲಿನಿಕ್ ಒಂದಿದೆ, ಅಲ್ಲಿಗೆ ಹೋಗಿ, ಈಗ್ಲೇ ಹೊರಡಿ.”

ಆಟೋದವನು ನಾಯಿಯ ಸ್ಥಿತಿ ನೋಡಿ ಸೀಟು ಹಾಳಾಗುತ್ತೆ ಎಂದು ಹೊರಟೇಹೋದ. ಕೊನೆಗೆ ಹಾಲಿನ ಗಾಡಿಯ ಬೈರೇಶ್ ಸಿಕ್ಕಿದ. ಖಾಲಿ ಕ್ಯಾನುಗಳನ್ನು ಸರಿಸಿ, “ಹತ್ತಮ್ಮ, ಹತ್ತು, ಕೇಳೋರು ಕೇಳ್ಲಿ” ಎಂದು ಕದಿರಮ್ಮನನ್ನು ತಾನೇ ಎತ್ತಿ ಕೂರಿಸಿದ. ಕ್ಯಾನುಗಳ ಗಡಗಡ ಸದ್ದಿನಲ್ಲಿ ಚುಕ್ಕಿಯ ಮುಲುಗು ಕೇಳಿಸುತ್ತಿರಲಿಲ್ಲ. ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕದಿರಮ್ಮ ದಾರಿಯುದ್ದಕ್ಕೂ ಕಿವಿ ಸವರುತ್ತಿದ್ದಳು.

ಕ್ಲಿನಿಕ್ಕಿಗೆ ಗಾಜಿನ ಬಾಗಿಲು. ಒಳಗೆ ತಣ್ಣಗಿತ್ತು. ಉದ್ದ ಕೂದಲಿನ ಬಿಳಿ ನಾಯಿಯೊಂದನ್ನು ಮಡಿಲಲ್ಲಿಟ್ಟುಕೊಂಡಿದ್ದ ಹೆಂಗಸು ಎದ್ದು ಇವರಿಗೆ ಕುರ್ಚಿ ಬಿಟ್ಟುಕೊಟ್ಟಳು. ಡಾಕ್ಟರು ಹೊಟ್ಟೆ ಮುಟ್ಟಿ, ಯಂತ್ರವಿಟ್ಟು ನೋಡಿದರು. ಮರಿ ಅಡ್ಡಲಾಗಿ ಸಿಕ್ಕಿ ಒಳಗೇ ಸತ್ತಿದೆ, ಕೂಡಲೇ ಕೊಯ್ದು ತೆಗೆಯಬೇಕು ಎಂದರು. ಕೌಂಟರಿನಲ್ಲಿದ್ದವರು ಅಡ್ವಾನ್ಸಿನ ಮಾತೆತ್ತಿದರು. ಮುನಿಯಪ್ಪ ಹೊರಗೆ ಹೋಗಿ ಮಗಳಿಗೆ ಫೋನು ಮಾಡಿದ. ನೀರಿನ ತೊಟ್ಟಿ ಸೋರುವುದನ್ನು ಹೇಳುವಷ್ಟು ಸಲೀಸಾಗಿ ಹೇಳಬೇಕೆಂದುಕೊಂಡಿದ್ದವನು ಅರ್ಧಕ್ಕೇ ಅತ್ತುಬಿಟ್ಟ.

“ಅಳ್ಬೇಡ ಕಣಪ್ಪ” ಎಂದಳು ರಂಜಿತ. “ನಮ್ಮನೆಯವ್ರಿಗೆ ಹೇಳಿ ದುಡ್ಡು ಹಾಕಿಸ್ತೀನಿ. ಅವ್ವನ ಹತ್ರ ಇರು.”

ಮಗಳ ಹಣ ಬಂದಿತು. ಚುಕ್ಕಿಯನ್ನು ಒಳಗೆ ಒಯ್ದರು. ಸ್ವಲ್ಪ ಹೊತ್ತಿಗೆಲ್ಲ ಡಾಕ್ಟರು ಕೈಗವಸು ತೆಗೆಯುತ್ತಾ ಹೊರಗೆ ಬಂದರು. ವಿಷ ರಕ್ತಕ್ಕೆ ಏರಿಬಿಟ್ಟಿತ್ತು, ಮತ್ತಿನ ಔಷಧಿ ಕೊಡುವಾಗಲೇ ಉಸಿರು ನಿಂತಿತು ಎಂದರು. ಒಳ್ಳೆಯ ಮನುಷ್ಯ, ಕಟ್ಟಿದ ಹಣದಲ್ಲಿ ಹೆಚ್ಚುಪಾಲು ವಾಪಸು ಕೊಡಿಸಿದರು. ಆದರೆ ಬಾಗಿಲವರೆಗೆ ಬಂದು, “ಮುಂಚೆನೇ ಮರಿ ಆಗ್ದಂಗೆ ಮಾಡಿಸಿದ್ದಿದ್ರೆ ಇದು ಇನ್ನೂ ಹತ್ತು ವರ್ಷ ಬದುಕ್ತಿತ್ತು” ಎಂದೂ ಹೇಳಿದರು. ಬೈಯಬೇಕೆಂದು ಹೇಳಿದ ಮಾತಲ್ಲ. ಆದರೂ ಮುನಿಯಪ್ಪ ಬಾಗಿಲ ಹಿಡಿ ಯಾವ ಕಡೆ ಎಳೆಯಬೇಕೆಂದು ತಿಳಿಯದೆ ಅಲ್ಲೇ ತಡಬಡಾಯಿಸಿದ.

ಚುಕ್ಕಿಯನ್ನು ಊರಿಗೆ ತಂದರು. ಮನೆಯ ಹಿಂದೆ, ನುಗ್ಗೆಮರದ ಬುಡದಲ್ಲಿ ಮಣ್ಣು ಮಾಡಿ ಅವನು ಗುದ್ದಲಿ ತೊಳೆಯುವಾಗ ಕದಿರಮ್ಮ ಹೇಳಿದಳು: “ಅದರ ಮಕ್ಕಳ್ನೂ ತಗೊಂಡೋದೆ. ಅದನ್ನೂ ತಗೊಂಡೋದೆ.”

ಅವನು ತೊಳೆದ ಗುದ್ದಲಿಯನ್ನು ಗೋಡೆಗೆ ಒರಗಿಸಿ ಟ್ಯಾಂಕಿನ ಕಡೆ ಹೊರಟ.

ಅದಾಗಿ ಸ್ವಲ್ಪ ದಿನಕ್ಕೆ ಗಂಗಣ್ಣನವರ ಮಗ ಆನಂದ್ ಚೀಲ ಹಿಡಿದು ಪಂಪ್‌ಹೌಸಿಗೆ ಬಂದ. ಹಾಲಿನ ಡೇರಿಯ ಕಾರ್ಯದರ್ಶಿ, ಪಂಚಾಯಿತಿಯಲ್ಲಿ ಮಾತು ನಡೆಯುವ ಮನೆಯವನು. ಅವರ ಕೊಟ್ಟಿಗೆ ಕಾಯುವ ಬೆಳ್ಳಿ ಎಂಬ ನಾಯಿ ಈದಿತ್ತು.

“ನಾನಿನ್ಮೇಲೆ ಬಿಡೋಕೆ ಹೋಗಲ್ಲ ಆನಂದಪ್ಪ” ಎಂದ ಮುನಿಯಪ್ಪ.

“ಯಾಕೆ, ಏನಾಯ್ತು ನಿಂಗೆ?”

“ಏನೂ ಆಗಿಲ್ಲ. ಹೋಗಲ್ಲ ಅಷ್ಟೆ.”

ಆನಂದ್ ಚೀಲವನ್ನು ಅಲ್ಲೇ ಇಟ್ಟು ಬೈಕು ಹತ್ತಿದ. ಆ ಮೇಲೆ ಉಳಿದವರೂ ಅದನ್ನೇ ಕಲಿತರು. ಬೆಳಿಗ್ಗೆ ಮೋಟರು ಹಾಕಲು ಬಂದರೆ ಪಂಪ್‌ಹೌಸಿನ ಬಾಗಿಲಲ್ಲಿ ರಟ್ಟಿನ ಪೆಟ್ಟಿಗೆ, ಹರಿದ ಬುಟ್ಟಿ. ಮಾಗಿಯ ಚಳಿಗೆ ಕೆಲವು ಅಲ್ಲೇ ಸೆಟೆದುಕೊಂಡಿರುತ್ತಿದ್ದವು. ಅವನು ಅವನ್ನು ಹೂಳುತ್ತಿದ್ದ, ಬದುಕಿದವಕ್ಕೆ ಹಾಲು ನೀರು ಬೆರೆಸಿ ಕುಡಿಸುತ್ತಿದ್ದ, ತೋಟದ ಮನೆಗಳ ಬಾಗಿಲಿಗೆ ಹೋಗಿ ಒಂದನ್ನಾದರೂ ಇಟ್ಟುಕೊಳ್ಳಿ ಎಂದು ಕೇಳುತ್ತಿದ್ದ. ಹೆಣ್ಣು ಎಂದ ಕೂಡಲೇ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಆಗ ಅವನು ಆಸ್ಪತ್ರೆಗೇ ಹೋದ. ಸಂಘಮಿತ್ರ ಊಟದ ಡಬ್ಬಿ ತೆಗೆಯುತ್ತಿದ್ದರು. ಅವನು ಹೊಸಲಿನ ಈಚೆಯೇ ನಿಂತ.

“ನಾವು ಅಷ್ಟು ದೂರ ಬರೋಕಾಗಲ್ಲ ಮೇಡಂ. ಆಪರೇಷನ್ನೇ ನಮ್ಮೂರಿಗೆ ಬರಂಗೆ ಏನಾದ್ರೂ ಮಾಡಿ.”

ಅವರು ಡಬ್ಬಿ ಮುಚ್ಚಿದರು. ಚುಕ್ಕಿ ಸತ್ತ ದಿನ ತಾವು ಫೋನಿನಲ್ಲಿ ಹೇಳಿದ ಮಾತು ಅವರಿಗೂ ನೆನಪಿತ್ತು. ಬೆಂಗಳೂರಿನಲ್ಲಿ ಅವರ ಜೊತೆ ಓದಿದವರು ಸೇರಿ ನಡೆಸುವ ಸಂಸ್ಥೆಯೊಂದಿತ್ತು. ಅವರ ಗಾಡಿಯಲ್ಲಿ ಟೇಬಲ್ಲು, ದೀಪ, ಔಷಧಿ ಎಲ್ಲ ಇರುತ್ತಿತ್ತು. ಹಳ್ಳಿಗೆ ಬರಲು ಅವರಿಗೆ ಅಡ್ಡಿಯಿಲ್ಲ. ಕೋಣೆಯೊಂದು ಬೇಕು, ನೀರು ಬೇಕು, ನಾಯಿ ಹಿಡಿದು ತರುವವರು ಬೇಕು, ಆಮೇಲೆ ಒಂದು ವಾರ ನೋಡಿಕೊಳ್ಳುವವರು ಬೇಕು. ಜನ ಕೈಲಾದಷ್ಟು ಕೊಟ್ಟರೆ ಸಾಕು.

“ನೀರಿಗೆ ನಾನಿದೀನಿ” ಎಂದ ಮುನಿಯಪ್ಪ. “ಮಿಕ್ಕಿದ್ದು ನೋಡ್ತೀನಿ.”

ಕೋಣೆಗೇ ಬಹಳ ಅಲೆದ. ಡೇರಿಯಲ್ಲಿ ಆನಂದ್, ಹಾಲು ಅಳೆಯೋ ಕಡೆ ನಾಯಿ ಕೊಯ್ತೀಯಾ ಎಂದ. ಶಾಲೆಯವರು ಮಕ್ಕಳಿದ್ದಾರೆ ಎಂದರು. ಕೊನೆಗೆ, ಮೆಷಿನು ಕೆಟ್ಟು ವರ್ಷಗಳಿಂದ ಬಾಗಿಲು ಹಾಕಿದ್ದ ಶುದ್ಧ ನೀರಿನ ಘಟಕದ ಬೀಗದ ಕೈಯನ್ನು ಪಂಚಾಯಿತಿಯಲ್ಲಿ ಕಾಡಿ ಬೇಡಿ ತಂದ. ಜೇಡರ ಬಲೆ ಹೊಡೆದು, ಇಲಿಯ ಹಿಕ್ಕೆ ಗುಡಿಸಿ, ನೆಲವನ್ನು ಫಿನಾಯಿಲು ಹಾಕಿ ತೊಳೆದ. ಕದಿರಮ್ಮ ಏನು ಮಾಡುತ್ತಿದ್ದೀಯ ಎಂದೂ ಕೇಳಲಿಲ್ಲ.

ಮನೆ ಮನೆಗೆ ಹೋಗಿ ಹೇಳುವುದು ಅದಕ್ಕಿಂತ ಕಷ್ಟವಾಯಿತು. ನಾಯಿಗೆ ಡಾಕ್ಟರಾ ಎಂದು ನಕ್ಕರು ಕೆಲವರು. ಆಪರೇಷನ್ ಆದ ನಾಯಿ ಬೊಗಳುವುದಿಲ್ಲವಂತೆ ಎಂದರು. ಕೆಳಗಿನ ಬೀದಿಯ ಅಜ್ಜಿಯೊಬ್ಬಳು, “ಮೂಕ ಪ್ರಾಣಿ ಬಸಿರು ಕೊಯ್ಸೋದು ಪಾಪ ಕಣಪ್ಪ, ಆ ಪಾಪ ಯಾರು ಹೊರ್ತಾರೆ?” ಎಂದಳು. ಯಾವತ್ತೂ ಗಟ್ಟಿಯಾಗಿ ಮಾತಾಡದ ಮುನಿಯಪ್ಪನ ದನಿ ಏರಿತು.

“ಇಷ್ಟು ವರ್ಷ ಈ ಊರಿನ ಪಾಪಾನೆಲ್ಲ ಗಾಡೀಲಿ ಹೇರ್ಕೊಂಡು ಹೋಗಿ ರೋಡಿಗೆ ಹಾಕ್ದೋನು ನಾನೇ ಅಲ್ವೇನಮ್ಮ. ಇದೊಂದೂ ನಂಗೇ ಇರ್ಲಿ, ನಾಯಿ ಕಳ್ಸು.”

ಅವಳು ನಾಯಿ ಕಳಿಸಿದಳು. ಅವಳನ್ನು ನೋಡಿ ಇನ್ನು ಕೆಲವರು ಒಪ್ಪಿದರು. ಲಕ್ಷ್ಮೀದೇವಮ್ಮ ಕೂಡ ಮಗನಿಗೆ ತಿಳಿಯದಂತೆ, “ನಮ್ ಬೆಳ್ಳೀನೂ ಬರ್ಕೊಳ್ಳಪ್ಪ” ಎಂದರು. ಪ್ರತಿ ಮನೆಯಲ್ಲೂ ಅವನು ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿ ಬಂದ: ಹಿಂದಿನ ರಾತ್ರಿಯಿಂದ ಏನೂ ತಿನ್ನಿಸಬಾರದು, ಬೆಳಿಗ್ಗೆ ನೀರೂ ಬೇಡ, ಹೊಟ್ಟೆ ತುಂಬಿದ್ದರೆ ಮತ್ತಿನಲ್ಲಿ ಕಕ್ಕಿಕೊಂಡು ಉಸಿರು ಕಟ್ಟುತ್ತದೆ.

ಶಿಬಿರದ ದಿನ ಗಾಡಿ ಬಂದು ನಿಂತಾಗ ಊರವರು ಸುತ್ತ ಕೂಡಿದರು. ಹಗ್ಗ, ಸರಪಳಿ, ಹರಿದ ದುಪಟ್ಟ, ಕೈಗೆ ಸಿಕ್ಕಿದ್ದರಲ್ಲಿ ಕಟ್ಟಿ ನಾಯಿಗಳನ್ನು ತಂದಿದ್ದರು. ಸಂಘಮಿತ್ರ ರಜೆ ಹಾಕಿ ಬಂದಿದ್ದರು. ಒಂದಾದ ಮೇಲೊಂದು ನಾಯಿ ಒಳಗೆ ಹೋಗಿ, ಹೊಟ್ಟೆ ಬೋಳಿಸಿಕೊಂಡು, ಹೊಲಿಗೆ ಹಾಕಿಸಿಕೊಂಡು ಹೊರಗೆ ಬಂದವು. ಮುನಿಯಪ್ಪ ಅವನ್ನು ಚಾಪೆಯ ಮೇಲೆ ಸಾಲಾಗಿ ಮಲಗಿಸಿ, ನಾಲಿಗೆ ಒಳಗೆ ಮಡಚಿಕೊಳ್ಳದಂತೆ ಪಕ್ಕಕ್ಕೆ ಎಳೆದು, ಗೋಣಿ ಹೊದಿಸಿ ಕೂತಿದ್ದ. ಮೊದಲನೆಯದು ತೂರಾಡುತ್ತ ಎದ್ದು ನಿಂತಾಗ ಸುತ್ತಲಿದ್ದವರು ನಕ್ಕರು. ಅವನೂ ನಕ್ಕ.

ಮಧ್ಯಾಹ್ನದ ಹೊತ್ತಿಗೆ ಬೆಳ್ಳಿಯ ಸರದಿ ಬಂತು. ಇಂಜೆಕ್ಷನ್ನಿಗೆ ಕಣ್ಣು ಮುಚ್ಚಿದ ಸ್ವಲ್ಪ ಹೊತ್ತಿಗೇ ಅದರ ಮೈ ಜಗ್ಗಿತು. ಗಂಟಲಿನಿಂದ ರಾಗಿಮುದ್ದೆಯ ತುಣುಕುಗಳು, ಸಾರಿನ ಕಾಳು, ಹಾಲು. ಸಂಘಮಿತ್ರ ಬೆರಳು ಹಾಕಿ ತೆಗೆದರು, ತಲೆಕೆಳಗಾಗಿ ಎತ್ತಿ ಹಿಡಿದರು, ಎದೆ ಒತ್ತಿದರು, ಕೊಳವೆ ಇಳಿಸಿದರು. ಬಹಳ ಹೊತ್ತು ಒತ್ತಿದರು. ಬೆಳ್ಳಿ ಮತ್ತೆ ಉಸಿರೆಳೆಯಲಿಲ್ಲ.

ಹೊರಗೆ ಸುದ್ದಿ ಹೋಗುವುದಕ್ಕೆ ಹೊತ್ತು ಬೇಕಾಗಲಿಲ್ಲ. ಡೇರಿಯಿಂದ ಆನಂದನೂ ಓಡಿಬಂದ. ಸಂಘಮಿತ್ರ ಮುಖ ಒರೆಸಿಕೊಳ್ಳುತ್ತಾ, “ನಾನೇ ಹೇಳ್ತೀನಿ. ತಿನ್ನಿಸ್ಬೇಡಿ ಅಂತ ಅಷ್ಟು ಹೇಳಿದ್ರೂ ಹೊಟ್ಟೆ ತುಂಬ ಹಾಕಿದಾರೆ, ಎಲ್ರೂ ನೋಡ್ಲಿ” ಎಂದು ಬಾಗಿಲ ಕಡೆ ಹೊರಟರು. ಮುನಿಯಪ್ಪ ಅಡ್ಡ ನಿಂತ. ಬಾಗಿಲ ಸಂದಿಯಲ್ಲಿ ಅವನಿಗೆ ಲಕ್ಷ್ಮೀದೇವಮ್ಮ ಕಾಣುತ್ತಿದ್ದರು. ಗುಂಪಿನ ಹಿಂದೆ, ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು.

“ಬೇಡಿ ಮೇಡಂ. ನಾಯಿ ಕೂಗಾಟ ತಡೀಲಾರ್ದೆ ಆ ತಾಯಿ ಒಂದು ತುತ್ತು ಹಾಕಿರ್ತಾರೆ. ಊರೆಲ್ಲ ಸೇರಿ ನೀನೇ ಕೊಂದೆ ಅಂದ್ರೆ ಮಗ ಅವರನ್ನ ಬಿಡಲ್ಲ. ಆಮೇಲೆ ಯಾರೂ ಈ ಕಡೆ ತಲೆ ಹಾಕಲ್ಲ, ತಪ್ಪು ನಮ್ಮೇಲೆ ಬರುತ್ತೆ ಅಂತ.”

“ಹಂಗಾದ್ರೆ ತಪ್ಪು ಡಾಕ್ಟರ್ ಮೇಲೆ ಬರುತ್ತಲ್ಲ?”

“ನಿಮ್ ಮೇಲೆ ಬಂದ್ರೂ ಶಿಬಿರ ಮುಗೀತು. ನನ್ ಮೇಲೆ ಬರ್ಲಿ. ನಾಯಿ ನೋಡ್ಕೊಳ್ಳೋದು ನನ್ ಜವಾಬ್ದಾರಿ, ನಾನು ಸರಿಯಾಗಿ ವಿಚಾರಿಸ್ಲಿಲ್ಲ ಅನ್ನಿ.”

ಸಂಘಮಿತ್ರ ಅವನ ಮುಖವನ್ನೇ ನೋಡಿದರು. ಅಷ್ಟರಲ್ಲಿ ಅವನೇ ಹೊರಗೆ ಹೋಗಿ ಆನಂದನ ಮುಂದೆ ನಿಂತ. “ತಪ್ಪಾಯ್ತು ಆನಂದಪ್ಪ. ಹೊಟ್ಟೇಲಿ ಕೂಳಿದ್ದಿದ್ದು ನಾನು ನೋಡ್ಕೊಳ್ಲಿಲ್ಲ” ಎಂದ. ಆನಂದ್ ಅವನ ಕೊರಳಪಟ್ಟಿ ಹಿಡಿದು ನೆಲಕ್ಕೆ ನೂಕಿದ. “ನೀರು ಬಿಡೋನು ನೀರು ಬಿಡ್ಕೊಂಡಿರ್ಬೇಕು. ಡಾಕ್ಟರ್ ಆಗೋಕೆ ಹೋದ” ಎಂದು ಇನ್ನೂ ಏನೇನೋ ಬೈದ, ಬರೆಯಬಾರದಂಥವನ್ನೂ ಬೈದ. ಯಾರೂ ಬಿಡಿಸಲು ಬರಲಿಲ್ಲ. ಮುನಿಯಪ್ಪ ಎದ್ದು ಪಂಚೆ ಕೊಡವಿಕೊಂಡು, ಚಾಪೆಯ ಮೇಲಿದ್ದ ನಾಯಿಗಳ ಹತ್ತಿರ ಹೋಗಿ ಕೂತ. ಇನ್ನೂ ಎಚ್ಚರವಾಗದಿದ್ದವು ಕೆಲವಿದ್ದವು.

ಮುಂದಿನ ತಿಂಗಳು ಪಂಚಾಯಿತಿ ಅವನನ್ನು ಗುಂಡಸಂದ್ರದಿಂದ ತೆಗೆದು ಆಚೆಯ ಎರಡು ಹಟ್ಟಿಗಳಿಗೆ ಹಾಕಿತು. ಅಲ್ಲಿನ ಬೋರ್‌ವೆಲ್ಲು ದಿನಕ್ಕೊಂದು ಸಲ ಕೆಡುವಂಥದ್ದು. ಬೈಗುಳಕ್ಕೆ ಬರವಿಲ್ಲ. ಊರಲ್ಲಿ ಅವನಿಗೆ ನಾಯಿ ಕೊಂದೋನು ಎಂಬ ಹೆಸರು ನಿಂತುಹೋಯಿತು. ಹೋಟೆಲಿನಲ್ಲಿ ಟೀ ಕುಡಿಯುವಾಗ ಯಾರಾದರೂ ಬೊಗಳಿದಂತೆ ಮಾಡುತ್ತಿದ್ದರು.

ಒಂದು ಸಂಜೆ ಲಕ್ಷ್ಮೀದೇವಮ್ಮ ಅವನ ದಾರಿ ಕಾದಿದ್ದವರಂತೆ ಡೇರಿಯ ಹಿಂದೆ ನಿಂತಿದ್ದರು.

“ಯಾಕಪ್ಪ ಹೇಳ್ಲಿಲ್ಲ ನೀನು?”

“ಏನು ಹೇಳ್ಬೇಕಿತ್ತಮ್ಮ?”

ಅವರು ಡೇರಿಯ ಕಡೆ ಒಮ್ಮೆ ತಿರುಗಿ ನೋಡಿದರು. ರಾತ್ರಿಯೆಲ್ಲ ಕೂಗ್ತು ಕಣಪ್ಪ, ನನ್ ಕೈಲಿ ತಡಿಯೋಕಾಗ್ಲಿಲ್ಲ ಎಂದರು. ಮಗನಿಗೆ ಹೇಳುತ್ತೇನೆ ಎಂದೂ ಅಂದರು. ಹೇಳಲಿಲ್ಲ. ಮುನಿಯಪ್ಪನ ಕೆಲಸ ಹಟ್ಟಿಯಲ್ಲೇ ಉಳಿಯಿತು. ಅವನು ಅದನ್ನು ಯಾರಲ್ಲೂ ಆಡಿಕೊಳ್ಳಲಿಲ್ಲ, ಆದರೆ ಅವರ ಮೇಲೆ ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಹಳ ದಿನ ಆ ಬೀದಿಯಲ್ಲಿ ಗಾಡಿ ಓಡಿಸುವುದನ್ನೇ ಬಿಟ್ಟ.

ಆದರೆ ಶಿಬಿರ ನಿಲ್ಲಲಿಲ್ಲ. ಆಪರೇಷನ್ ಆದ ನಾಯಿಗಳ ಹೊಲಿಗೆ ಮಾಗಿ, ಮೈ ತುಂಬಿಕೊಂಡು ಓಡಾಡಿದ್ದನ್ನು ಊರು ನೋಡಿತ್ತು. ಬೆದೆಯ ಕಾಲದಲ್ಲಿ ಆ ಬಾಗಿಲುಗಳ ಮುಂದೆ ಕಚ್ಚಾಟವಿರಲಿಲ್ಲ. ಬೊಗಳುವುದೂ ನಿಂತಿರಲಿಲ್ಲ. ಸಂಘಮಿತ್ರ ಮತ್ತೆ ದಿನ ಗೊತ್ತುಮಾಡಿದಾಗ ಪಕ್ಕದ ಊರುಗಳವರೂ ವಿಚಾರಿಸಿದರು. ಹುಚ್ಚುನಾಯಿ ರೋಗದ ಲಸಿಕೆಯನ್ನೂ ಅದೇ ದಿನ ಹಾಕುವಂತಾಯಿತು. ಈಗ ಅವರು ಹಿಂದಿನ ಸಂಜೆಯೇ ನಾಯಿಗಳನ್ನು ತರಿಸಿ ಘಟಕದ ಅಂಗಳದಲ್ಲಿ ಕಟ್ಟಿಸುತ್ತಿದ್ದರು; ಯಾರ ಕರುಳು ಚುರುಕ್ ಎಂದರೂ ತುತ್ತು ಹಾಕಲು ದಾರಿಯಿರಲಿಲ್ಲ. ಕಾಯುವವನು ಮುನಿಯಪ್ಪ. ನಾಯಿ ಕೊಂದೋನು ಎನ್ನುತ್ತಲೇ ಅವನ ಕೈಗೆ ಹಗ್ಗ ಕೊಟ್ಟು ಹೋಗುತ್ತಿದ್ದರು.

ಎಲ್ಲ ಸರಿಹೋಯಿತು ಎನ್ನುವಂತಿಲ್ಲ. ಗುಂಡಸಂದ್ರದಲ್ಲಿ ನಾಯಿ ನೋಡಿಕೊಳ್ಳುತ್ತಾರಂತೆ ಎಂದು ತಿಳಿದು, ಎಲ್ಲೆಲ್ಲಿಂದಲೋ ಕಾರಿನಲ್ಲಿ ಬಂದು ಮರಿಗಳನ್ನು ಕೆರೆ ಏರಿಯ ಮೇಲೆ ಇಳಿಸಿ ಹೋಗುವವರು ಹುಟ್ಟಿಕೊಂಡರು. ಸಂಘಮಿತ್ರ ಅವರ ವರ್ಗಾವಣೆಯ ಮಾತೂ ಕೇಳಿಬರುತ್ತಿತ್ತು. ಅವರು ಹೋದರೆ ಮುಂದೇನೆಂಬುದು ಯಾರಿಗೂ ಗೊತ್ತಿರಲಿಲ್ಲ. ಹೆದ್ದಾರಿಯ ಟಾರಿನ ಮೇಲೆ ತುಪ್ಪಳ ಕಾಣುವುದು ಕಡಿಮೆಯಾಗಿತ್ತು, ನಿಂತಿರಲಿಲ್ಲ.

ಮನೆಯಲ್ಲೂ ಹಾಗೆಯೇ. ಕದಿರಮ್ಮ ಇನ್ನೊಂದು ನಾಯಿ ಸಾಕಲಿಲ್ಲ. ಗಂಡ ಶಿಬಿರದ ದಿನ ಎಷ್ಟು ಹೊತ್ತಿಗೆ ಬಂದರೂ ತಟ್ಟೆ ಇಟ್ಟು ಒಳಗೆ ಹೋಗುತ್ತಿದ್ದಳು. ಮಂಡಿ ಇನ್ನೂ ಬಿಗಿದಿತ್ತು.

ಈ ವರ್ಷದ ಚಳಿಗಾಲದ ಶಿಬಿರದ ದಿನ, ಹೊತ್ತು ಇಳಿಯುವಾಗ, ಅವಳು ಕೋಲೂರಿಕೊಂಡು ಘಟಕದ ಅಂಗಳಕ್ಕೆ ಬಂದಳು. ಯಾರೂ ಕರೆದಿರಲಿಲ್ಲ. ಮುನಿಯಪ್ಪ ಅತ್ತ ಕಡೆ ಒಂದು ನಾಯಿಯ ನಾಲಿಗೆ ಹಿಡಿದು ಕೂತಿದ್ದವನು ನೋಡಿಯೂ ನೋಡದವನಂತಿದ್ದ. ಅವಳು ಚಾಪೆಯ ತುದಿಯಲ್ಲಿ ಗಡಗಡ ನಡುಗುತ್ತಿದ್ದ ಕರಿಯ ನಾಯಿಯೊಂದರ ಪಕ್ಕ ಕಷ್ಟಪಟ್ಟು ಕೂತು, ತಾನು ಹೊದ್ದಿದ್ದ ಶಾಲು ತೆಗೆದು ಅದಕ್ಕೆ ಹೊದಿಸಿದಳು. ಪಕ್ಕದಲ್ಲಿ ಅದನ್ನು ತಂದಿದ್ದ ಹೆಂಗಸು ಕುಕ್ಕರುಗಾಲಿನಲ್ಲಿ ಕೂತಿದ್ದಳು. ಬೇರೆ ಊರಿನವಳು.

“ಏನಮ್ಮ ಇದರ ಹೆಸರು?” ಎಂದು ಕದಿರಮ್ಮ ಕೇಳಿದಳು.

“ಹೆಸರೇನೂ ಇಟ್ಟಿಲ್ಲ ಕಣಕ್ಕ. ಹಾ ಅಂದ್ರೆ ಬರುತ್ತೆ.”

“ಒಂದು ಇಟ್ಬಿಡು. ಹೆಸರು ಹಿಡಿದು ಕರೀತಿದ್ರೆ ಬೇಗ ಎಚ್ಚರ ಆಗುತ್ತೆ.”

ಆ ಹೆಂಗಸು ಸ್ವಲ್ಪ ಯೋಚನೆ ಮಾಡಿ, ನಾಚಿಕೊಂಡು, ಮದುವೆಯಾಗಿ ದೂರದ ಊರಿಗೆ ಹೋದ ತನ್ನ ತಂಗಿಯ ಹೆಸರನ್ನು ಹೇಳಿದಳು. ಕದಿರಮ್ಮ ನಾಯಿಯ ಕಿವಿಯ ಹತ್ತಿರ ಬಾಗಿ ಆ ಹೆಸರನ್ನು ಕರೆಯತೊಡಗಿದಳು, ಮೆಲ್ಲಗೆ, ಮತ್ತೆ ಮತ್ತೆ, ಕಿವಿ ಅಲ್ಲಾಡುವವರೆಗೂ.